ಅಪಾಯದ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡೋಣ

ಆತ್ಮಹತ್ಯೆಗೆ ಯತ್ನಿಸಿದವರನ್ನು ಕ್ಯಾಶುವಾಲಿಟಿಗೆ ಕರೆತಂದು, ಒಂದೆರಡು ದಿನ ಕಳೆದು, ಜೀವಕ್ಕೇನೂ ಭಯವಿಲ್ಲ ಎಂದು ಗೊತ್ತಾದ ಮೇಲೆ ಮನೆಯವರು ವೈದ್ಯರನ್ನು ಬದಿಗೆ ಕರೆದು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಮತ್ತೆ ಹಿಂಗೆ ಮಾಡ್ಕೊಳ್ಳಲ್ಲ ಅಲ್ವಾ ಡಾಕ್ಟ್ರೇ?’ ವೈದ್ಯರ ಮನಸ್ಸಿನಲ್ಲೂ ಅದೇ ಪ್ರಶ್ನೆ ಇರುತ್ತದೆ. ಉತ್ತರಕ್ಕಾಗಿ ಅವರ ಬಳಿ ಒಂದು ಪಟ್ಟಿಯಿದೆ. ಹಿಂದೆಯೂ ಯತ್ನಿಸಿದ್ದರೆ, ಖಿನ್ನತೆಯೋ ಬೇರೆ ಮಾನಸಿಕ ಕಾಯಿಲೆಯೋ ಇದ್ದರೆ, ಕುಡಿತದ ಚಟವಿದ್ದರೆ, ಒಂಟಿಯಾಗಿದ್ದರೆ, ಕೆಲಸ ಕಳೆದುಕೊಂಡಿದ್ದರೆ, ವಾಸಿಯಾಗದ ನೋವಿದ್ದರೆ, ಮುಂದೆ ಏನೂ ಸರಿಹೋಗದು ಎಂಬ ಹತಾಶೆಯಿದ್ದರೆ ಮರುಯತ್ನದ ಅಪಾಯ ಹೆಚ್ಚು. ವೈದ್ಯ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿರುತ್ತಾರೆ.

ಪಟ್ಟಿಯಲ್ಲಿ ಸುಳ್ಳಿಲ್ಲ. ಒಂದೊಂದು ಅಂಶದ ಹಿಂದೆಯೂ ಹಲವು ದೇಶಗಳ ಅಧ್ಯಯನಗಳಿವೆ. ಅದನ್ನು ಶ್ರದ್ಧೆಯಿಂದ ಬಳಸುವ ವೈದ್ಯರ ಬಗ್ಗೆ ನನಗೆ ಗೌರವವೂ ಇದೆ. ಆದರೂ ಅವರ ಮುಂದೆ ವಿನಯದಿಂದಲೇ ಒಂದು ವಾದ ಇಡಬೇಕೆನಿಸಿದೆ. ಈ ಪಟ್ಟಿಯಿಂದ ಒಬ್ಬ ವ್ಯಕ್ತಿಯ ಕಷ್ಟ ಏನೆಂದು ಅರಿಯಬಹುದು. ಯಾರು ಮತ್ತೆ ಯತ್ನಿಸುತ್ತಾರೆ, ಯಾರು ಇಲ್ಲ ಎಂದು ಬೇರ್ಪಡಿಸಲು ಮಾತ್ರ ಅದರಿಂದ ಆಗದು. ಹಾಗಿದ್ದೂ ಅದನ್ನು ಹಿಡಿದು ಕೆಲವರನ್ನು ‘ಹೆಚ್ಚು ಅಪಾಯ’ ಎಂದು ಮನೋವೈದ್ಯರ ಹತ್ತಿರ ಕಳಿಸಿ, ಉಳಿದವರನ್ನು ‘ಕಡಿಮೆ ಅಪಾಯ’ ಎಂದು ಬರಿಗೈಲಿ ಮನೆಗೆ ಕಳಿಸುವ ಪದ್ಧತಿ ಇದೆಯಲ್ಲ, ಅದನ್ನು ಬಿಡುವ ಕಾಲ ಬಂದಿದೆ. ತುರ್ತು ವಿಭಾಗಕ್ಕೆ ಹೀಗೆ ಬಂದ ಪ್ರತಿಯೊಬ್ಬರಿಗೂ, ಅಪಾಯಕ್ಕೆ ಹಾಕುವ ಯಾವ ಅಂಕವನ್ನೂ ನೋಡದೆ, ಮನೆಗೆ ಹೋದ ಮೇಲಿನ ಆರೈಕೆ ಸಿಗಬೇಕು.

ಮೊದಲು ಸಮಸ್ಯೆ ಎಷ್ಟು ದೊಡ್ಡದೆಂದು ನೋಡೋಣ. ಸ್ವಯಂಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದವರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ಒಂದು ವಿಮರ್ಶೆ 2014ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 16 ಮಂದಿ ಮತ್ತೆ ಅದೇ ಕಾರಣಕ್ಕೆ ಆಸ್ಪತ್ರೆಗೆ ಬರುತ್ತಾರೆ, 1.6 ಮಂದಿ ಆ ವರ್ಷದಲ್ಲೇ ಆತ್ಮಹತ್ಯೆಯಿಂದ ತೀರಿಕೊಳ್ಳುತ್ತಾರೆ. ಇವು ಬಹುಪಾಲು ಪಾಶ್ಚಾತ್ಯ ದೇಶಗಳ ಅಂಕಿಗಳು. ಶ್ರೀಲಂಕಾದ ಅಧ್ಯಯನಗಳಲ್ಲಿ ಮರುಯತ್ನದ ಪ್ರಮಾಣ ಇದಕ್ಕಿಂತ ಸಾಕಷ್ಟು ಕಡಿಮೆ ಕಂಡುಬಂದಿದೆ. ಹೇಗೆ ನೋಡಿದರೂ ಬಹುಪಾಲು ಜನ ಮತ್ತೆ ಯತ್ನಿಸುವುದಿಲ್ಲ. ಈ ಮಾತನ್ನು ಆಸ್ಪತ್ರೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ ಅಪ್ಪ ಅಮ್ಮನಿಗೆ ಯಾರಾದರೂ ಹೇಳಬೇಕು. ‘ಒಂದು ಸಲ ಆ ದಾರಿ ಹಿಡಿದವರು ಬಿಡಲ್ಲ’ ಎಂಬ ಊರ ಮಾತು ಸರಿಯಲ್ಲ.

ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ನೂರಕ್ಕೆ 1.6 ಎಂದರೆ ಉಳಿದ ಜನರಿಗೆ ಹೋಲಿಸಿದರೆ ಅತಿ ದೊಡ್ಡ ಪ್ರಮಾಣ. ಅಪಾಯ ಹೆಚ್ಚಿರುವುದು ಆಸ್ಪತ್ರೆಯಿಂದ ಹೊರಬಿದ್ದ ಮೊದಲ ಕೆಲವು ವಾರಗಳಲ್ಲಿ, ಮೊದಲ ಕೆಲವು ತಿಂಗಳಲ್ಲಿ. ಆ ಹೊತ್ತಿನಲ್ಲೇ ನಮ್ಮ ವ್ಯವಸ್ಥೆ ಅವರಿಂದ ಕೈ ತೊಳೆದುಕೊಂಡಿರುತ್ತದೆ.

ಈಗ ಪಟ್ಟಿಯ ವಿಚಾರ. ಅಮೆರಿಕದ ಹ್ಯೂಸ್ಟನ್ನಿನ ಮನೋವೈದ್ಯ ಅಲೆಕ್ಸ್ ಪೊಕಾರ್ನಿ ತಮ್ಮ ಆಸ್ಪತ್ರೆಗೆ ದಾಖಲಾದ 4,800 ಮಾಜಿ ಸೈನಿಕರನ್ನು ಹಲವು ಬಗೆಯಲ್ಲಿ ಅಳೆದು, ವರ್ಷಗಟ್ಟಲೆ ಗಮನಿಸಿ, 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 67 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು. ಲಭ್ಯವಿದ್ದ ಅಪಾಯದ ಅಂಶಗಳನ್ನೆಲ್ಲ ಸೇರಿಸಿ ಮಾಡಿದ ಲೆಕ್ಕ ಆ 67ರಲ್ಲಿ 35 ಮಂದಿಯನ್ನು ಸರಿಯಾಗಿ ಗುರುತಿಸಿತು. ಆದರೆ ಆ 35 ಮಂದಿಯನ್ನು ಹಿಡಿಯಲು 1,206 ಮಂದಿಯ ಮೇಲೆ ತಪ್ಪಾಗಿ ‘ಅಪಾಯ’ದ ಮುದ್ರೆ ಒತ್ತಬೇಕಾಯಿತು. ಉಳಿದ 32 ಮಂದಿ ‘ಅಪಾಯವಿಲ್ಲ’ ಎಂಬ ಗುಂಪಿನಲ್ಲಿದ್ದರು. ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಪಟ್ಟಿಯನ್ನು ನಂಬಿದ್ದರೆ, ನಾವು ನಿಶ್ಚಿಂತೆಯಿಂದ ಮನೆಗೆ ಕಳಿಸುತ್ತಿದ್ದವರು.

ವೈದ್ಯರ ಕೌಶಲವನ್ನು ಇದಕ್ಕೆ ದೂರುವಂತಿಲ್ಲ, ಲೆಕ್ಕವೇ ಹೀಗಿದೆ. ಸಾವಿರ ಜನರಲ್ಲಿ ಹದಿನೈದಿಪ್ಪತ್ತು ಮಂದಿಗೆ ಮಾತ್ರ ಆಗುವ ಘಟನೆಯನ್ನು, ಸಾವಿರದಲ್ಲಿ ಮುನ್ನೂರು ನಾನೂರು ಮಂದಿಯಲ್ಲಿ ಕಾಣುವ ಲಕ್ಷಣಗಳಿಂದ ಹಿಡಿಯಲು ಹೊರಟರೆ ಎಂಥ ಮೇಧಾವಿಗೂ ಹೀಗೇ ಆಗುತ್ತದೆ. ಹತಾಶೆ, ಕುಡಿತ, ಖಿನ್ನತೆ ಇವೆಲ್ಲ ತುರ್ತು ವಿಭಾಗಕ್ಕೆ ಬಂದವರಲ್ಲಿ ಬಹಳ ಸಾಮಾನ್ಯ. ಅಮೆರಿಕದ ಸಂಶೋಧಕರು 2017ರಲ್ಲಿ ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಬಂದ ತೀರ್ಮಾನ ಇದಕ್ಕಿಂತ ನಿಷ್ಠುರ: ಯಾವ ಅಪಾಯದ ಅಂಶವೂ ಒಂಟಿಯಾಗಿ ಮುನ್ಸೂಚನೆ ಕೊಡುವುದರಲ್ಲಿ ಕಣ್ಣುಮುಚ್ಚಿ ಊಹಿಸುವುದಕ್ಕಿಂತ ಸ್ವಲ್ಪ ಮಾತ್ರ ಮೇಲು, ಐವತ್ತು ವರ್ಷಗಳಲ್ಲಿ ಅದು ಸುಧಾರಿಸಿಯೂ ಇಲ್ಲ. ಈಗ ಕಂಪ್ಯೂಟರ್ ಮಾದರಿಗಳ ಮೇಲೆ ಭರವಸೆಯಿಟ್ಟವರಿದ್ದಾರೆ. ಅವರ ಉತ್ಸಾಹವನ್ನು ತಗ್ಗಿಸುವ ಇಚ್ಛೆ ನನಗಿಲ್ಲ. ಆದರೆ ಯಂತ್ರ ಎಷ್ಟು ಜಾಣವಾದರೂ ಅಪರೂಪದ ಘಟನೆಯ ಗಣಿತ ಬದಲಾಗದು.

ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಈ ಮಾತನ್ನು ಆದೇಶದ ಧಾಟಿಯಲ್ಲೇ ಬರೆದಿದೆ. ಮರುಯತ್ನವನ್ನು ಊಹಿಸಲು ಅಂಕಪಟ್ಟಿಗಳನ್ನು ಬಳಸಬೇಡಿ. ಯಾರಿಗೆ ಚಿಕಿತ್ಸೆ ಕೊಡಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸಲೂ ಬಳಸಬೇಡಿ. ಹೆಚ್ಚು, ಮಧ್ಯಮ, ಕಡಿಮೆ ಎಂದು ಜನರನ್ನು ವಿಂಗಡಿಸಬೇಡಿ. 2022ರ ಆ ಮಾರ್ಗಸೂಚಿ, ಅಂಕದ ಬದಲು ಆ ವ್ಯಕ್ತಿಗೆ ಈಗ ಏನು ಬೇಕು ಎಂದು ಕೇಳಿ ಎನ್ನುತ್ತದೆ.

ನಮ್ಮ ಊರುಗಳಿಗೆ ಬಂದರೆ ಪಟ್ಟಿಯ ತೊಂದರೆ ಇನ್ನೂ ಒಂದು ಕೈ ಮೇಲೆ. 1983ರಲ್ಲೇ ಅಮೆರಿಕದಲ್ಲಿ ರೂಪುಗೊಂಡ ‘ಸ್ಯಾಡ್ ಪರ್ಸನ್ಸ್’ ಎಂಬ ಅಳತೆ ಜಗತ್ತಿನ ಎಷ್ಟೋ ವೈದ್ಯಕೀಯ ಕಾಲೇಜುಗಳಲ್ಲಿ ಪಾಠವಾಗಿದೆ. ಹತ್ತು ಅಂಶ, ಒಂದೊಂದಕ್ಕೆ ಒಂದು ಅಂಕ. ಗಂಡಸಾದರೆ ಒಂದು. ಹತ್ತೊಂಬತ್ತಕ್ಕಿಂತ ಚಿಕ್ಕವರು, ನಲವತ್ತೈದಕ್ಕಿಂತ ದೊಡ್ಡವರಾದರೆ ಒಂದು. ಖಿನ್ನತೆ, ಹಿಂದಿನ ಯತ್ನ, ಕುಡಿತ, ಬುದ್ಧಿಭ್ರಮೆ, ಜನಬೆಂಬಲವಿಲ್ಲದಿರುವುದು, ಮೊದಲೇ ಯೋಜನೆ ಮಾಡಿಕೊಂಡಿರುವುದು, ಸಂಗಾತಿ ಇಲ್ಲದಿರುವುದು, ದೀರ್ಘ ಕಾಯಿಲೆ, ಇವಕ್ಕೆಲ್ಲ ಒಂದೊಂದು. ಎರಡರವರೆಗೆ ಅಂಕ ಬಂದರೆ ಮನೆಗೆ ಕಳಿಸಿ, ಆಮೇಲೆ ಬಂದು ಕಾಣಲು ಹೇಳಬಹುದು.

ಈ ಅಳತೆಗೋಲನ್ನು ಹಿಡಿದು ನಮ್ಮ ಒಂದು ಜಿಲ್ಲಾ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹೋಗೋಣ. ಇಪ್ಪತ್ತನಾಲ್ಕರ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ಮದುವೆಯಾಗಿ ನಾಲ್ಕು ವರ್ಷ, ಎರಡು ವರ್ಷದ ಮಗು. ಹಿಂದೆಂದೂ ಹೀಗೆ ಮಾಡಿಕೊಂಡವಳಲ್ಲ. ಯೋಜನೆ ಗೀಜನೆ ಏನಿಲ್ಲ, ಸಂಜೆ ಜಗಳವಾಯಿತು, ರಾತ್ರಿ ಆಸ್ಪತ್ರೆಗೆ ತಂದರು. ಹೆಣ್ಣು, ಆದ್ದರಿಂದ ಸೊನ್ನೆ. ವಯಸ್ಸು ಹತ್ತೊಂಬತ್ತು ನಲವತ್ತೈದರ ನಡುವೆ, ಸೊನ್ನೆ. ಅವಳು ಕುಡಿಯುವುದಿಲ್ಲ, ಸೊನ್ನೆ. ಕುಡಿದು ಬಂದು ಹೊಡೆಯುವವನು ಗಂಡ, ಅದನ್ನು ಬರೆಯಲು ಪಟ್ಟಿಯಲ್ಲಿ ಜಾಗವಿಲ್ಲ. ಸಂಗಾತಿ ಇದ್ದಾನೆ, ಸೊನ್ನೆ. ಮಂಚದ ಸುತ್ತ ಅತ್ತೆ, ನಾದಿನಿ, ಭಾವ ಎಲ್ಲ ನಿಂತಿದ್ದಾರೆ, ಜನಬೆಂಬಲವಿದೆ ಎಂದು ಅಲ್ಲೂ ಸೊನ್ನೆ. ‘ಮನಸ್ಸಿಗೆ ಬೇಜಾರಿದೆಯಾ?’ ಎಂದು ವೈದ್ಯರು ಅವರೆಲ್ಲರ ಎದುರಿಗೇ ಕೇಳುತ್ತಾರೆ. ಅವಳು ಇಲ್ಲವೆಂದು ತಲೆಯಾಡಿಸುತ್ತಾಳೆ. ಹತ್ತಕ್ಕೆ ಸೊನ್ನೆ ಬಂತು. ಅಳತೆಯ ಪ್ರಕಾರ ಅವಳನ್ನು ಮನೆಗೆ ಕಳಿಸಬಹುದು. ಅವಳ ಸಂಕಟವೆಲ್ಲ ಇರುವುದು ಆ ಮನೆಯಲ್ಲೇ.

ಇಂಥ ಹೆಣ್ಣುಮಕ್ಕಳು ನಮ್ಮಲ್ಲಿ ಅಪರೂಪವಲ್ಲ. 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, 2016ರಲ್ಲಿ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಂಗಸರಲ್ಲಿ ಶೇ 36.6ರಷ್ಟು ಭಾರತದವರು. ಅವರಲ್ಲಿ ವಿವಾಹಿತರ ಪಾಲೇ ದೊಡ್ಡದು. ಪಶ್ಚಿಮದ ಪಟ್ಟಿ ಮದುವೆಯನ್ನು ರಕ್ಷೆಯೆಂದು ಎಣಿಸುತ್ತದೆ. ನಮ್ಮಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ ಮದುವೆಯಾದ ಹುಡುಗಿಯರಿಗೆ, ಆ ರಕ್ಷೆ ಇಲ್ಲ. ಹಾಗಾದರೆ ನಮ್ಮದೇ ಪಟ್ಟಿ ಮಾಡಿಕೊಳ್ಳೋಣ ಎನ್ನಬಹುದು. ಮಾಡಿಕೊಳ್ಳಬೇಕು ಕೂಡ, ಗಂಡನ ಕುಡಿತ, ಮನೆಯಲ್ಲಿನ ಹೊಡೆತ, ಸಾಲ ಇವುಗಳ ಬಗ್ಗೆ ಕೇಳುವುದಕ್ಕಾಗಿ. ಆದರೆ ಆ ಪಟ್ಟಿಯಲ್ಲೂ ಅಂಕ ಹಾಕಿ ಜನರನ್ನು ಬೇರ್ಪಡಿಸಹೊರಟರೆ ಹ್ಯೂಸ್ಟನ್ನಿನ ಲೆಕ್ಕವೇ ಮತ್ತೆ ಎದುರಾಗುತ್ತದೆ.

ಅಂಕಪಟ್ಟಿಯನ್ನು ನೋಡಿಯೇ ಇರದವರೂ ಮನಸ್ಸಿನಲ್ಲಿ ಒಂದು ವಿಂಗಡಣೆ ಮಾಡಿಬಿಟ್ಟಿರುತ್ತಾರೆ. ‘ಸಾಯೋಕಲ್ಲ, ಹೆದರಿಸೋಕೆ ಮಾಡ್ಕೊಂಡಿದ್ದು’ ಎಂಬ ಮಾತು ಮನೆಯವರ ಬಾಯಲ್ಲಿ ಬರುತ್ತದೆ, ವಾರ್ಡಿನಲ್ಲೂ ಕೆಲವು ಸಲ ಕೇಳಿಬರುತ್ತದೆ. ಹೇಳಿದವರು ಕೆಟ್ಟವರೇನಲ್ಲ. ರಾತ್ರಿಯಿಡೀ ಹಾವು ಕಚ್ಚಿದವರು, ಬೈಕಿನಿಂದ ಬಿದ್ದವರು, ಉಸಿರು ಕಟ್ಟಿದ ಮಕ್ಕಳು ಎಂದು ಓಡಾಡಿದ ಸ್ಟಾಫ್ ನರ್ಸ್‌ಗೆ ತಾಳ್ಮೆ ತಪ್ಪುವುದು ಸಹಜ. ಆದರೆ ದೇಹಕ್ಕಾದ ಹಾನಿ ಚಿಕ್ಕದಿದ್ದರೆ ಮನಸ್ಸಿನ ನೋವೂ ಚಿಕ್ಕದು ಎಂಬ ಎಣಿಕೆಗೆ ಆಧಾರವಿಲ್ಲ. ಮೊದಲ ಯತ್ನದಲ್ಲಿ ಸಣ್ಣಪುಟ್ಟ ಗಾಯದೊಂದಿಗೆ ಬಂದವರು ಎರಡನೆಯ ಸಲವೂ ಹಾಗೆಯೇ ಬರುತ್ತಾರೆ ಎಂದು ಯಾರೂ ಭರವಸೆ ಕೊಡಲಾರರು. ಹೆದರಿಸಲೆಂದೇ ಮಾಡಿದ್ದಾದರೂ, ಬೇರೆ ಯಾವ ರೀತಿಯಲ್ಲೂ ತನ್ನ ಮಾತು ನಡೆಯದ ಮನೆಯಲ್ಲಿ ಒಬ್ಬರು ಜೀವವನ್ನೇ ಒತ್ತೆಯಿಡುವ ಸ್ಥಿತಿಗೆ ಬಂದಿದ್ದಾರೆ ಎಂದೇ ಅದರರ್ಥ.

ಇಲ್ಲಿ ವೈದ್ಯ ಮಿತ್ರರು ಎತ್ತುವ ಒಂದು ಆಕ್ಷೇಪಣೆ ಬಹಳ ನ್ಯಾಯವಾದದ್ದು. ಜಿಲ್ಲೆಗೆ ಬೆರಳೆಣಿಕೆಯಷ್ಟು ಮನೋವೈದ್ಯರು. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವುದು ಮಂಗಳವಾರ. ಬುಧವಾರ ರಾತ್ರಿ ಬಂದವರನ್ನು ಆರು ದಿನ ಕೂರಿಸಿಕೊಳ್ಳಲಾಗುತ್ತದೆಯೇ? ಎಲ್ಲರಿಗೂ ಎಲ್ಲವನ್ನೂ ಕೊಡಲು ಆಗದಿದ್ದಾಗ ಯಾರಿಗೆ ಮೊದಲು ಎಂದು ಆರಿಸಲೇಬೇಕಲ್ಲ?

ಆರಿಸಬೇಕಾದ ಸಂದರ್ಭಗಳಿವೆ, ಒಪ್ಪುತ್ತೇನೆ. ಎಚ್ಚರವಾದ ಮೇಲೂ ‘ಯಾಕೆ ಉಳಿಸಿದಿರಿ’ ಎನ್ನುವವರನ್ನು, ಸಾಯುವ ನಿರ್ಧಾರವನ್ನು ಬಿಡದವರನ್ನು, ಕಿವಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಎನ್ನುವವರನ್ನು, ತೀವ್ರ ಖಿನ್ನತೆಯಲ್ಲಿ ಊಟ ನಿದ್ದೆ ಬಿಟ್ಟವರನ್ನು ಮನೆಗೆ ಕಳಿಸಬಾರದು. ಅಂಥವರನ್ನು ಆ ದಿನವೇ ಮನೋವೈದ್ಯರು ನೋಡಬೇಕು. ಇದು ಎದುರಿಗೆ ಕಾಣುತ್ತಿರುವ ಕಾಯಿಲೆಗೆ ಚಿಕಿತ್ಸೆ, ಇದಕ್ಕೆ ಭವಿಷ್ಯ ನುಡಿಯಬೇಕಾಗಿಲ್ಲ. ಹಾಗೆಯೇ ಕುಡಿತ ಕಂಡರೆ ಕುಡಿತಕ್ಕೆ, ಖಿನ್ನತೆ ಕಂಡರೆ ಖಿನ್ನತೆಗೆ ಚಿಕಿತ್ಸೆ ಶುರುವಾಗಬೇಕು. ಪಟ್ಟಿಯ ನಿಜವಾದ ಉಪಯೋಗ ಇರುವುದು ಇಲ್ಲಿ. ನನ್ನ ವಾದ ಉಳಿದವರ ಬಗ್ಗೆ. ಅವರಿಗೆ ಬೇಕಾದ್ದು ಕೊಡಲು ಎಲ್ಲ ಸಲವೂ ಮನೋವೈದ್ಯರೇ ಬೇಕಾಗಿಲ್ಲ ಎಂಬುದನ್ನು ಈ ಆಕ್ಷೇಪಣೆ ಮರೆಯುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೋಟೊ 1969ರಿಂದ ಒಂದು ಸರಳ ಪ್ರಯೋಗ ನಡೆಸಿದರು. ಖಿನ್ನತೆ ಅಥವಾ ಆತ್ಮಹತ್ಯೆಯ ಆಲೋಚನೆಯಿಂದ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಮುಂದಿನ ಚಿಕಿತ್ಸೆ ಬೇಡವೆಂದ ಅಥವಾ ನಡುವೆಯೇ ನಿಲ್ಲಿಸಿದ 843 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷ ಆಗಾಗ ಪುಟ್ಟ ಪತ್ರ ಹೋಯಿತು. ನೀವು ಹೇಗಿದ್ದೀರಿ ಎಂದು ನೆನೆದುಕೊಂಡೆವು, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟು ಮಾತು. ಔಷಧಿ ತಗೊಳ್ಳಿ, ಬಂದು ಕಾಣಿ ಎಂಬ ಒತ್ತಾಯವಿಲ್ಲ. ಪತ್ರ ಪಡೆದ ಗುಂಪಿನಲ್ಲಿ ಆತ್ಮಹತ್ಯೆಯ ಪ್ರಮಾಣ ಕಡಿಮೆಯಿತ್ತು. ಮೊದಲ ಎರಡು ವರ್ಷಗಳಲ್ಲಿ ಆ ವ್ಯತ್ಯಾಸ ಎದ್ದು ಕಾಣುವಷ್ಟಿತ್ತು. ಇವರು ವೈದ್ಯರಿಗೆ ಬೆನ್ನು ತಿರುಗಿಸಿ ಹೋದವರು ಎಂಬುದನ್ನು ಗಮನಿಸಬೇಕು. ‘ಅವರೇ ಬರಲಿಲ್ಲ, ನಾವೇನು ಮಾಡೋಣ’ ಎಂದು ನಾವು ಕೈಬಿಡುವುದು ಇಂಥವರನ್ನೇ.

ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 772 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ವರ್ಷದಲ್ಲಿ ಎಂಟು ಅಂಚೆ ಕಾರ್ಡು ಕಳಿಸಿದರು. ಮತ್ತೆ ಯತ್ನಿಸಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇತ್ತು, ಆದರೆ ಒಟ್ಟು ಯತ್ನಗಳ ಸಂಖ್ಯೆ ಕಾರ್ಡು ಪಡೆದ ಗುಂಪಿನಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು.

ನಮಗೆ ಹತ್ತಿರದ ಅಧ್ಯಯನ ವಿಶ್ವ ಆರೋಗ್ಯ ಸಂಸ್ಥೆಯದು. ಚೆನ್ನೈ, ಕೊಲಂಬೊ, ಇರಾನಿನ ಕರಜ್, ಚೀನಾದ ಯುನ್‌ಚೆಂಗ್, ಬ್ರೆಜಿಲಿನ ಕಾಂಪಿನಾಸ್ ಈ ಐದು ಊರುಗಳ ತುರ್ತು ವಿಭಾಗಗಳಿಗೆ ಬಂದ 1,867 ಮಂದಿ ಅದರಲ್ಲಿದ್ದರು. ಚೆನ್ನೈ ಕೇಂದ್ರದಲ್ಲಿ ‘ಸ್ನೇಹಾ’ ಸಂಸ್ಥೆಯ ಸ್ಥಾಪಕಿ ಡಾ. ಲಕ್ಷ್ಮಿ ವಿಜಯಕುಮಾರ್ ತೊಡಗಿಕೊಂಡಿದ್ದರು. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧಕ್ಕೆ, ಆಸ್ಪತ್ರೆ ಬಿಡುವ ಹೊತ್ತಿಗೆ ಒಬ್ಬೊಬ್ಬರ ಜತೆಯೂ ಒಂದು ಗಂಟೆ ಕೂತು ಮಾತು. ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಮೊದಲನೆಯದು ಒಂದೇ ವಾರಕ್ಕೆ, ಎರಡನೆಯದು ಎರಡನೇ ವಾರಕ್ಕೆ, ನಂತರ ನಾಲ್ಕು, ಏಳು, ಹನ್ನೊಂದನೇ ವಾರ, ಆಮೇಲೆ ನಾಲ್ಕು, ಆರು, ಹನ್ನೆರಡು, ಹದಿನೆಂಟನೇ ತಿಂಗಳು. ಅಪಾಯ ಹೆಚ್ಚೋ ಕಡಿಮೆಯೋ ಎಂದು ಆರಿಸಲಿಲ್ಲ. ಆ ಗುಂಪಿಗೆ ಬಂದವರಿಗೆಲ್ಲ ಇದು ಸಿಕ್ಕಿತು. ಹದಿನೆಂಟು ತಿಂಗಳ ಕೊನೆಗೆ ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ 2.2ರಷ್ಟು ಜನ ಆತ್ಮಹತ್ಯೆಯಿಂದ ಸತ್ತಿದ್ದರು, ಸಂಪರ್ಕದಲ್ಲಿಟ್ಟ ಗುಂಪಿನಲ್ಲಿ ಶೇ 0.2ರಷ್ಟು.

ನನ್ನ ವಾದಕ್ಕೆ ಅನುಕೂಲವಲ್ಲದ ಫಲಿತಾಂಶವನ್ನೂ ಹೇಳಬೇಕು. ಅದೇ ಅಧ್ಯಯನದಲ್ಲಿ ಮರುಯತ್ನದ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಆಗಿತ್ತು, ಶೇ 7.5ರ ಆಸುಪಾಸು. ಸಾವಿನ ಅಂಕಿಗಳೂ ಚಿಕ್ಕವು, ಒಂದು ಕಡೆ ಹದಿನೆಂಟು, ಇನ್ನೊಂದು ಕಡೆ ಎರಡು. ಬೇರೆ ಕಡೆ ನಡೆದ ಸಂಪರ್ಕ ಪ್ರಯೋಗಗಳಲ್ಲಿ ಕೆಲವು ಫಲ ಕೊಟ್ಟಿವೆ, ಕೆಲವು ಕೊಟ್ಟಿಲ್ಲ. ಹಾಗಾಗಿ ಫೋನು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅಂಕಪಟ್ಟಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಂಕ ತಪ್ಪಾದರೆ ಒಬ್ಬರಿಗೆ ಆರೈಕೆಯ ಬಾಗಿಲೇ ಮುಚ್ಚುತ್ತದೆ. ಫೋನು ವ್ಯರ್ಥವಾದರೆ ಹತ್ತು ನಿಮಿಷ ವ್ಯರ್ಥವಾಯಿತು, ಅಷ್ಟೆ.

ಫೋನಿನ ಜತೆಗೆ ಇನ್ನೊಂದು ಕೆಲಸ ಸೇರಿದರೆ ಫಲದ ಭರವಸೆ ಹೆಚ್ಚು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ತಂಡ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,640 ಮಂದಿ ಇದ್ದರು. ಸುರಕ್ಷಾ ಯೋಜನೆ ಬರೆದು, ಆಮೇಲೆ ಫೋನಿನ ಸಂಪರ್ಕದಲ್ಲಿದ್ದವರಲ್ಲಿ ಆರು ತಿಂಗಳ ಆತ್ಮಹತ್ಯಾ ವರ್ತನೆಯ ಸಂಭವ, ಮಾಮೂಲಿ ಆರೈಕೆ ಪಡೆದವರಿಗಿಂತ ಸುಮಾರು ಶೇ 45ರಷ್ಟು ಕಡಿಮೆಯಿತ್ತು. ಯೋಜನೆಯೆಂದರೆ ಒಂದು ಹಾಳೆ. ಆ ಆಲೋಚನೆ ಬರುವ ಮುನ್ನ ನನಗೆ ಏನಾಗುತ್ತದೆ, ಎದೆ ಬಿಗಿಯುತ್ತದೆಯೇ, ರಾತ್ರಿ ನಿದ್ದೆ ಹೋಗುತ್ತದೆಯೇ? ಆಗ ನಾನೊಬ್ಬಳೇ ಏನು ಮಾಡಿದರೆ ಸ್ವಲ್ಪ ಹಗುರಾಗುತ್ತದೆ? ಮನಸ್ಸು ಬೇರೆಡೆಗೆ ತಿರುಗಲು ಎಲ್ಲಿಗೆ, ಯಾರ ಮನೆಗೆ ಹೋಗಬಹುದು? ಯಾರಿಗೆ ಬಾಯಿಬಿಟ್ಟು ಹೇಳಬಹುದು? ಯಾವ ವೈದ್ಯರ, ಯಾವ ಸಹಾಯವಾಣಿಯ ನಂಬರು? ಮನೆಯಲ್ಲಿ ಅಪಾಯಕ್ಕೆ ಕಾರಣವಾಗುವ ವಸ್ತುಗಳನ್ನು ಯಾರ ವಶಕ್ಕೆ ಕೊಡಬೇಕು? ಉತ್ತರಗಳನ್ನು ರೋಗಿಯೇ ತನ್ನ ಮಾತಿನಲ್ಲಿ ಬರೆಯುತ್ತಾಳೆ, ಅಥವಾ ಹೇಳಿ ಬರೆಸುತ್ತಾಳೆ. ತರಬೇತಾದ ನರ್ಸ್ ಅಥವಾ ಆಪ್ತಸಮಾಲೋಚಕರು ಅರ್ಧ ಮುಕ್ಕಾಲು ಗಂಟೆಯಲ್ಲಿ ಇದನ್ನು ಮಾಡಿಸಬಹುದು.

ನಮ್ಮಲ್ಲಿ ಈ ಹಾಳೆಯ ಜಾಗದಲ್ಲಿ ಆಣೆ ಇದೆ. ‘ಮಗೂ ತಲೆ ಮುಟ್ಟಿ ಆಣೆ ಮಾಡು, ಇನ್ಮೇಲೆ ಇಂಥ ಕೆಲಸ ಮಾಡ್ಕೊಳ್ಳಲ್ಲ ಅಂತ’ ಎಂದು ತಾಯಿಯೋ ಅತ್ತೆಯೋ ಮಂಚದ ಪಕ್ಕವೇ ಹೇಳಿಸುತ್ತಾರೆ. ಅವರ ದಿಗಿಲು ನನಗೆ ಅರ್ಥವಾಗುತ್ತದೆ. ಪಶ್ಚಿಮದ ಆಸ್ಪತ್ರೆಗಳಲ್ಲೂ ಒಂದು ಕಾಲದಲ್ಲಿ ರೋಗಿಯಿಂದ ಇಂಥ ವಾಗ್ದಾನಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿಯಿತ್ತು. ಅದರಿಂದ ಮರುಯತ್ನ ತಗ್ಗುತ್ತದೆ ಎನ್ನಲು ಸಾಕ್ಷ್ಯ ಸಿಗಲಿಲ್ಲ. ನಮ್ಮ ಆಣೆಯ ತೊಂದರೆ ಇನ್ನೂ ದೊಡ್ಡದು. ಎರಡು ವಾರದ ಮೇಲೆ ಆ ಆಲೋಚನೆ ಮತ್ತೆ ಬಂದರೆ ಅವಳು ಯಾರಿಗೆ ಹೇಳಿಯಾಳು? ಹೇಳಿದರೆ ಮಗುವಿನ ಮೇಲಿನ ಆಣೆ ಮುರಿದಂತೆ ಎಂಬ ಭಯ. ಆಣೆಯ ಬದಲು ‘ಮತ್ತೆ ಹಾಗನಿಸಿದರೆ ನನಗೆ ಹೇಳು, ಬೈಯಲ್ಲ’ ಎಂದು ಮನೆಯವರೇ ಅವಳಿಗೆ ಮಾತು ಕೊಡುವುದು ಒಳ್ಳೆಯದು.

ಹೀಗೆ ಪ್ರತಿಯೊಬ್ಬರ ಬೆನ್ನುಹತ್ತಿ ವಿಚಾರಿಸುವುದು ನಮ್ಮಿಂದಾಗುವ ಕೆಲಸವೇ ಎಂದು ಕೇಳುವವರಿಗೆ ಆಶಾ ಕಾರ್ಯಕರ್ತೆಯರನ್ನು ನೆನಪಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಅವರು ಬಾಣಂತಿಯ ಮನೆಗೆ ಹೋಗಬೇಕೆಂಬುದು ನಿಯಮ. ತೂಕ ಕಡಿಮೆಯಿರುವ ಮಗುವಿಗೆ ಹೆಚ್ಚಿನ ಗಮನ ಉಂಟು, ಆದರೆ ದಷ್ಟಪುಷ್ಟ ಮಗು ಹುಟ್ಟಿದ ಮನೆಯನ್ನು ಬಿಟ್ಟುಬಿಡಿ ಎಂದು ಯಾರೂ ಹೇಳಿಲ್ಲ. ಯಾವ ಮಗುವಿಗೆ ಯಾವಾಗ ತೊಂದರೆಯಾದೀತೆಂದು ಮೊದಲೇ ಹೇಳಲಾಗದು, ಆದ್ದರಿಂದ ಎಲ್ಲರ ಮನೆಗೂ ಹೋಗು ಎಂಬ ತಿಳಿವಳಿಕೆ ಆ ನಿಯಮದಲ್ಲಿದೆ. ಅದೇ ತಿಳಿವಳಿಕೆ ಕ್ಯಾಶುವಾಲಿಟಿಗೂ ಬರಲಿ ಎಂಬುದಷ್ಟೇ ನನ್ನ ಕೋರಿಕೆ. ಈ ಕೆಲಸಕ್ಕೆ ಆಶಾ ಅವರನ್ನೇ ಕಳಿಸಬೇಕೆಂದು ಹೇಳಲಾರೆ. ಅವರು ಅದೇ ಊರಿನವರು, ಅವರು ಮನೆ ಬಾಗಿಲಿಗೆ ಬಂದರೆ ಊರಿಗೆಲ್ಲ ಸುದ್ದಿಯಾದೀತೆಂಬ ಅಂಜಿಕೆ ಸುಳ್ಳಲ್ಲ. ಆಸ್ಪತ್ರೆಯಿಂದಲೇ ಫೋನು ಹೋಗುವುದು ಲೇಸು.

ಆ ಫೋನು ಯಾರಿಗೆ ಹೋಗುತ್ತದೆ ಎಂಬುದೂ ಸಣ್ಣ ವಿಷಯವಲ್ಲ. ಕೇಸ್ ಶೀಟಿನಲ್ಲಿ ಇರುವುದು ಸಾಮಾನ್ಯವಾಗಿ ಕರೆತಂದವರ ನಂಬರು, ಅಂದರೆ ಗಂಡನದೋ ಮೈದುನನದೋ. ಅದಕ್ಕೆ ಕರೆ ಮಾಡಿ ‘ಹೇಗಿದ್ದಾರೆ?’ ಎಂದರೆ ‘ಚೆನ್ನಾಗಿದ್ದಾಳೆ ಸಾರ್’ ಎಂಬ ಉತ್ತರ ಬರುತ್ತದೆ. ಡಿಸ್ಚಾರ್ಜ್ ಮಾಡುವ ಮುಂಚೆ ಮನೆಯವರನ್ನು ಹೊರಗೆ ಕಳಿಸಿ, ‘ನಿಮಗೇ ಸಿಗೋ ನಂಬರ್ ಯಾವುದಮ್ಮ? ಎಷ್ಟು ಹೊತ್ತಿಗೆ ಮಾಡಿದರೆ ಮಾತಾಡೋಕೆ ಆಗುತ್ತೆ?’ ಎಂದು ಕೇಳಿ ಬರೆದುಕೊಳ್ಳಬೇಕು. ತವರಿನ ನಂಬರು ಕೊಟ್ಟರೆ ಅದು, ಗೆಳತಿಯದು ಕೊಟ್ಟರೆ ಅದು. ಈ ಎರಡು ಪ್ರಶ್ನೆಗೆ ಎರಡು ನಿಮಿಷ ಸಾಕು.

ಕಾನೂನಿನ ಹೆದರಿಕೆಯೂ ಇದೆ. ಆಸ್ಪತ್ರೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸುತ್ತದೆ, ಪೊಲೀಸರು ಹೇಳಿಕೆ ಪಡೆಯಲು ಬರುತ್ತಾರೆ, ಮನೆಯವರು ಕೈಮುಗಿದು ‘ಗೊತ್ತಿಲ್ದೆ ಆಗಿದ್ದು ಅಂತ ಬರ್ಕೊಳ್ಳಿ’ ಎನ್ನುತ್ತಾರೆ. ಹಾಗೆ ಬರೆದ ಮೇಲೆ ಮನೋವೈದ್ಯರ ಹತ್ತಿರ ಕಳಿಸಲು ಕಾರಣವೇ ಉಳಿಯುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಹೊಟ್ಟೆಯ ಮಾತ್ರೆ ಐದು ದಿನಕ್ಕೆ ಎಂದಿರುತ್ತದೆ, ಮನಸ್ಸಿನ ಬಗ್ಗೆ ಒಂದು ಸಾಲಿರುವುದಿಲ್ಲ. ಓದುಗರಿಗೆ ಗೊತ್ತಿರಲಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ. ಅದೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ, ಅದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಮರುಯತ್ನದ ಅಪಾಯ ತಗ್ಗಿಸಲು ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಅಲ್ಲಿ ಹೆಚ್ಚು ಅಪಾಯದವರಿಗೆ ಮಾತ್ರ ಎಂಬ ಷರತ್ತಿಲ್ಲ. ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ ಕೂಡ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಲ್ಲ. ಸರ್ಕಾರಿ ನೌಕರರ ಕರ್ತವ್ಯವನ್ನು ತಡೆಯಲು ಅಥವಾ ಅವರನ್ನು ಬಲವಂತಪಡಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಅದು ಈಗ ಅಪರಾಧ. ಹಾಗಾಗಿ ನಿಜ ಹೇಳಿದರೆ ಜೈಲಾಗುತ್ತದೆ ಎಂಬ ಭಯ ಬೇಡ.

ಯಾರೆಂದು ಊಹಿಸದೆಯೇ ಜೀವ ಉಳಿಸಬಹುದು ಎನ್ನಲು ಪಕ್ಕದ ಶ್ರೀಲಂಕಾದಲ್ಲೇ ದೊಡ್ಡ ಸಾಕ್ಷ್ಯವಿದೆ. 1990ರ ದಶಕದ ನಡುವಿನಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದರಲ್ಲಿ ಒಂದಾಗಿತ್ತು. 1995 ಮತ್ತು 1998ರಲ್ಲಿ ಅತ್ಯಂತ ವಿಷಕಾರಿ ಕೃಷಿ ಕೀಟನಾಶಕಗಳನ್ನು ಮಾರುಕಟ್ಟೆಯಿಂದಲೇ ತೆಗೆದರು. 2005ರ ಹೊತ್ತಿಗೆ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಯಾವ ರೈತ, ಯಾವ ಹುಡುಗಿ ಅಪಾಯದಲ್ಲಿದ್ದಾರೆ ಎಂದು ಯಾರೂ ಪಟ್ಟಿ ಮಾಡಿರಲಿಲ್ಲ. ದುಡುಕಿನ ಆ ಕೆಲವು ನಿಮಿಷಗಳಲ್ಲಿ ಮಾರಕ ವಸ್ತು ಕೈಗೆ ಸಿಗಲಿಲ್ಲ, ಎಷ್ಟೋ ಜನ ಬದುಕಿದರು. ಆಸ್ಪತ್ರೆಯಿಂದ ಮನೆಗೆ ಮರಳಿದವರ ವಿಷಯದಲ್ಲಿ ಇದು ಮನೆಯವರೇ ಮಾಡಬಹುದಾದ ಕೆಲಸ. ಹೊಲಕ್ಕೆ ಬೇಕಾದ ಕೀಟನಾಶಕ, ಉಳಿದ ಮಾತ್ರೆಗಳು ಇವನ್ನೆಲ್ಲ ಕೆಲವು ತಿಂಗಳು ಮನೆಯಿಂದ ಹೊರಗೆ, ನಂಬಿಕಸ್ಥರ ಬಳಿ ಬೀಗದಲ್ಲಿಡಿ.

ಕರ್ನಾಟಕದಲ್ಲಿ 2022ರ ಒಂದೇ ವರ್ಷ 13,606 ಜನ ಆತ್ಮಹತ್ಯೆಯಿಂದ ತೀರಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ಹೇಳುತ್ತದೆ. ಯತ್ನಿಸಿ ಬದುಕಿದವರ ಲೆಕ್ಕ ಆ ವರದಿಯಲ್ಲಿಲ್ಲ. ಒಂದು ಸಾವಿಗೆ ಇಪ್ಪತ್ತಕ್ಕೂ ಹೆಚ್ಚು ಯತ್ನಗಳಿರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಂದವರಾದರೂ ನಮಗೆ ಸಿಕ್ಕಿದ್ದಾರೆ, ಅವರ ಹೆಸರು ರಿಜಿಸ್ಟರಿನಲ್ಲಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಥ ರಾಜ್ಯದಲ್ಲಿ ಇದನ್ನು ಶುರುಮಾಡಲು ಹೊಸ ಕಟ್ಟಡ ಬೇಕಾಗಿಲ್ಲ. ಜಿಲ್ಲಾ ಶಸ್ತ್ರಚಿಕಿತ್ಸಕರಲ್ಲಿ, ತಾಲ್ಲೂಕು ಆಸ್ಪತ್ರೆಗಳ ಆಡಳಿತ ವೈದ್ಯಾಧಿಕಾರಿಗಳಲ್ಲಿ ನನ್ನ ಮನವಿ ಇಷ್ಟೆ. ಆತ್ಮಹತ್ಯೆಗೆ ಯತ್ನಿಸಿ ಬಂದ ಯಾರನ್ನೂ ಈ ಮೂರು ಇಲ್ಲದೆ ಮನೆಗೆ ಕಳಿಸಬೇಡಿ: ಅವರದೇ ಮಾತಿನಲ್ಲಿ ಬರೆದ ಸುರಕ್ಷಾ ಹಾಳೆ, ಮತ್ತೆ ಬರಬೇಕಾದ ದಿನಾಂಕ, ಒಂದು ವಾರದೊಳಗೆ ಫೋನು ಮಾಡುವವರ ಹೆಸರು. ಅಂಕ ಎಷ್ಟೇ ಬಂದಿರಲಿ.

ಮನೆಯವರಲ್ಲೂ ಒಂದು ವಿನಂತಿ. ಡಿಸ್ಚಾರ್ಜ್ ದಿನ ಬಿಲ್ಲು, ಮಾತ್ರೆಗಳ ಜತೆಗೆ ಈ ಮೂರನ್ನೂ ಕೇಳಿ ಪಡೆಯಿರಿ. ಕೊಡದಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿಮಾನಸ್ ಸಹಾಯವಾಣಿ. ಹಗಲು ರಾತ್ರಿ ಕೆಲಸ ಮಾಡುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವ ನಿಮಗೇ ಅಂಥ ಆಲೋಚನೆ ಬರುತ್ತಿದ್ದರೂ ಅದೇ ನಂಬರು.